ತುರ್ತು ಪರಿಸ್ಥಿತಿ: ದಿನನಿತ್ಯದ ಬದುಕಲ್ಲಿ ನಿಂತಿದ್ದೇನು, ಯಾವ ಕಾಗದದಿಂದ ನಿಂತಿತು?

ಹೊಸ್ತಿಲು_76
1975-77ರ ತುರ್ತು ಪರಿಸ್ಥಿತಿ ಬಗ್ಗೆ ಹುಡುಕಿದರೆ ಸಿಗೋದೆಲ್ಲ ದೊಡ್ಡವರ ಕಥೆ. ಯಾರು ಜೈಲಿಗೆ ಹೋದರು, ಯಾರು ಸಹಿ ಹಾಕಿದರು, ಯಾರು ಸೋತರು. ನನಗೆ ಬೇಕಿರೋದು ಅದಲ್ಲ. ಒಬ್ಬ ಗುಮಾಸ್ತ, ಒಬ್ಬ ಪ್ರೆಸ್ಸಿನವನು, ಒಬ್ಬ ಮೇಷ್ಟ್ರು, ಇಂಥವರ ಬದುಕಲ್ಲಿ ನಿಜವಾಗಿ ಏನು ನಿಂತುಹೋಯ್ತು? ಒಬ್ಬನನ್ನ ಹಿಡಿದು ಒಳಗೆ ಹಾಕೋಕೆ ಯಾವ ಕಾಗದ ಬೇಕಿತ್ತು? ಪತ್ರಿಕೆ ತಡೆಯೋಕೆ ಯಾವುದು? ಸಭೆ ನಿಲ್ಲಿಸೋಕೆ ಯಾವುದು? "ಎಲ್ಲಾ ಹಕ್ಕೂ ರದ್ದಾಗಿತ್ತು" ಅಂತ ಒಂದು ಸಾಲಲ್ಲಿ ಮುಗಿಸಬೇಡಿ, ದಯವಿಟ್ಟು. ಸ್ವಂತ ನೆನಪು, ಮನೆಯವರ ಕಥೆ ಇಲ್ಲಿ ಬೇಡ, ಅದಕ್ಕೆ ಬೇರೆ ಎಳೆ ಇದೆ. ಕೆಲಸ ಹೇಗೆ ನಡೀತಿತ್ತು ಅನ್ನೋದು ಬೇಕು.

ಇನ್ನೊಂದು. ದೇಶದಲ್ಲಿ ಇಂಥದ್ದು ಆಗಿದ್ದು ಅದೇ ಮೊದಲು ಅಂತಾರಲ್ಲ, ಸರಿಯಾ?

ಕಡತಪ್ರಿಯ
ಮೊದಲನೇದಲ್ಲ, ಮೂರನೇದು. 1962ರಲ್ಲಿ ಚೀನಾ ಯುದ್ಧ, 1971 ಡಿಸೆಂಬರ್ 3ಕ್ಕೆ ಪಾಕಿಸ್ತಾನ ಯುದ್ಧ, ಆಮೇಲೆ 1975 ಜೂನ್ 25ರ ರಾತ್ರಿ "ಆಂತರಿಕ ಗಲಭೆ" ಅನ್ನೋ ಕಾರಣಕ್ಕೆ. 1971ರದ್ದನ್ನ ತೆಗೆದೇ ಇರಲಿಲ್ಲ. ಅಂದರೆ 1975ರಲ್ಲಿ ಒಂದರ ಮೇಲೊಂದು ಎರಡು ತುರ್ತು ಪರಿಸ್ಥಿತಿ ಕೂತಿದ್ದವು.

ಧಾರವಾಡ_ವಕೀಲ
ಬಂಧನದ ಮಾತು ನಾ ಹೇಳ್ತೀನ್ರಿ. ಎರಡು ದಾರಿ ಇದ್ದವು, ಜನ ಎರಡನ್ನೂ ಕಲಸಿಬಿಡ್ತಾರ.

ಒಂದು ಡಿಐಆರ್, ಅಂದರ ಭಾರತ ರಕ್ಷಣಾ ನಿಯಮಗಳು. ಇದರಾಗ ನಿಮ್ಮ ಮ್ಯಾಲೆ ಒಂದು ಅಪರಾಧ ಹೊರಿಸಬೇಕು. ಘೋಷಣೆ ಕೂಗಿದ, ಕರಪತ್ರ ಹಂಚಿದ, ನಿಷೇಧ ಇದ್ರೂ ಸಭೆ ಮಾಡಿದ, ಹಿಂಗ ಏನರ ಒಂದು. ಎಫ್‌ಐಆರ್ ಆಗತಿತ್ತು, ಮ್ಯಾಜಿಸ್ಟ್ರೇಟರ ಮುಂದ ನಿಲ್ಲಿಸತಿದ್ರು. ಜಾಮೀನು ಮಾತ್ರ ಕಷ್ಟ, ಯಾಕಂದ್ರ ಸರ್ಕಾರಿ ವಕೀಲರಿಗೆ ವಿರೋಧ ಮಾಡಾಕ ಅವಕಾಶ ಕೊಡಬೇಕು, ಅವರು ವಿರೋಧ ಮಾಡಿದ್ರ ಆರೋಪಿ ತಪ್ಪಿತಸ್ಥ ಅಲ್ಲ ಅಂತ ನಂಬಾಕ ಕಾರಣ ಅದ ಅಂತ ಕೋರ್ಟಿಗೆ ಅನಿಸಬೇಕು. ಆದ್ರೂ ಅಲ್ಲೊಂದು ಕೋರ್ಟ್ ಇತ್ತು.

ಇನ್ನೊಂದು ಮೀಸಾ, 1971ರ ಆಂತರಿಕ ಭದ್ರತಾ ಕಾಯ್ದೆ. ಇದರಾಗ ಅಪರಾಧನ ಬ್ಯಾಡ. ನೀವು ಏನೋ ಮಾಡಬಹುದು ಅಂತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅನಿಸಿದ್ರ ಸಾಕು, ಒಂದು ಹಾಳಿ ಮ್ಯಾಲೆ ಸಹಿ ಹಾಕಿ ಒಳಗ ಹಾಕಬಹುದು. ಮೂಲ ಕಾಯ್ದೆಯೊಳಗ ಸ್ವಲ್ಪ ಕಡಿವಾಣ ಇತ್ತು ನೋಡ್ರಿ. ಆ ಆದೇಶಕ್ಕ 12 ದಿನದೊಳಗ ರಾಜ್ಯ ಸರ್ಕಾರ ಒಪ್ಪಿಗೆ ಕೊಡಬೇಕು, ಇಲ್ಲಂದ್ರ ಬಿದ್ದುಹೋಗತಿತ್ತು. 5 ದಿನದೊಳಗ, ಬಾಳ ಆದ್ರ 15 ದಿನದೊಳಗ, ಬಂದಿಗೆ ಕಾರಣ ಬರದು ಕೊಡಬೇಕು. 30 ದಿನದೊಳಗ ಸಲಹಾ ಮಂಡಳಿ ಮುಂದ ಕಡತ ಇಡಬೇಕು. ಮಂಡಳಿ "ಸಾಕಷ್ಟು ಕಾರಣ ಇಲ್ಲ" ಅಂದ್ರ ಬಿಡಲೇಬೇಕು.

1975 ಜೂನ್ 29ರ ಸುಗ್ರೀವಾಜ್ಞೆ 16ಎ ಅನ್ನೋ ಕಲಮು ಸೇರಿಸ್ತು. "ತುರ್ತು ಪರಿಸ್ಥಿತಿ ನಿಭಾಯಿಸಾಕ ಇವನ ಬಂಧನ ಅಗತ್ಯ" ಅಂತ ಒಂದು ಘೋಷಣೆ ಬರದ್ರ ಮುಗೀತು. ಕಾರಣ ಕೊಡೂದು ಬ್ಯಾಡ, ಮಂಡಳಿನೂ ಬ್ಯಾಡ. 15 ದಿನಕ್ಕ ಸರ್ಕಾರನ ತನ್ನ ಘೋಷಣೆ ತಾನ ನೋಡೂದು, ಆಮ್ಯಾಲೆ ನಾಲ್ಕು ತಿಂಗಳಿಗೊಮ್ಮೆ ಮತ್ತ ತಾನ ನೋಡೂದು. ಮುಂದ ಇನ್ನೂ ಬಿಗಿ ಮಾಡಿದ್ರು. ಕಾರಣ ಅನ್ನೂದು ರಾಜ್ಯದ ಗುಟ್ಟು, ಯಾರೂ ಯಾರಿಗೂ ತಿಳಿಸೂ ಹಂಗಿಲ್ಲ ಅಂತ ಕಾಯ್ದೆಯೊಳಗ ಬರದ್ರು. ನನ್ನ ಕೇಳಿದ್ರ ಆ ಇಪ್ಪತ್ತೊಂದು ತಿಂಗಳಿನ ಕೀಲಿಕೈ ಇದ 16ಎ. ಉಳಿದದ್ದೆಲ್ಲ ಇದರ ಬೆನ್ನ ಹಿಂದ ಬಂತು.

ಸುಬ್ಬಿ_ಮೈಸೂರು
ಡಿಐಆರ್‌ನಲ್ಲಿ ಜಾಮೀನು ಸಿಕ್ಕವರನ್ನ ಜೈಲಿನ ಗೇಟಲ್ಲೇ ಮೀಸಾ ಆದೇಶ ಕೊಟ್ಟು ವಾಪಸ್ ಒಳಗೆ ಕರ್ಕೊಂಡು ಹೋಗ್ತಿದ್ರು. ಹಾಗಾಗಿ ಡಿಐಆರ್‌ನಲ್ಲಿ "ಕೋರ್ಟ್ ಇತ್ತು" ಅನ್ನೋದಕ್ಕೆ ಎಷ್ಟು ಬೆಲೆ ಅಂತ ನೀವೇ ಲೆಕ್ಕ ಹಾಕಿ.

ಧಾರವಾಡ_ವಕೀಲ
ಒಪ್ಪಿದೆ ಅಕ್ಕಾರ. ಆದ್ರ ಸಂಖ್ಯೆ ನೋಡ್ರಿ. ತುರ್ತು ಪರಿಸ್ಥಿತಿ ಮುಗಿದ ಮ್ಯಾಲೆ ಅದರ ಅತಿರೇಕ ವಿಚಾರಿಸಾಕ ನೇಮಿಸಿದ ಷಾ ಆಯೋಗದ ಲೆಕ್ಕದಾಗ ಮೀಸಾ ಬಂದಿಗಳು 34,988, ಡಿಐಆರ್‌ದವರು 75,818. ಮೂರರಾಗ ಎರಡು ಪಾಲು ಮಂದಿ ಡಿಐಆರ್‌ನವರು. ಚರ್ಚೆ ಮಾತ್ರ ಯಾವಾಗಲೂ ಮೀಸಾದ್ದ.

ತೆಂಗಿನತೋಟ
ಕಾರಣ ಕೊಡಬೇಕಾಗಿಲ್ಲ ಅಂದಾಕ್ಷಣ ಏನಾಗುತ್ತೆ ಅಂತ ನೋಡೋಕೆ ಒಂದೇ ಪ್ರಕರಣ ಸಾಕು. 1975 ಸೆಪ್ಟೆಂಬರ್ 25, ದೆಹಲಿಯ ಜೆಎನ್‌ಯು. ಪೊಲೀಸರು ಹುಡುಕಿಕೊಂಡು ಬಂದದ್ದು ವಿದ್ಯಾರ್ಥಿ ಸಂಘದ ಅಧ್ಯಕ್ಷ ಡಿ.ಪಿ. ತ್ರಿಪಾಠಿಯನ್ನ. ಕಾರಿಗೆ ಹಾಕಿಕೊಂಡು ಹೋಗಿದ್ದು ಪ್ರಬೀರ್ ಪುರ್ಕಾಯಸ್ಥ ಅನ್ನೋ ಬೇರೆ ವಿದ್ಯಾರ್ಥಿಯನ್ನ. ಆಳು ತಪ್ಪಾಗಿದೆ ಅಂತ ಗೊತ್ತಾದ ಮೇಲೆ ಬಿಡಬೇಕಲ್ಲ? ಬಿಡಲಿಲ್ಲ. ಸಿಕ್ಕವನ ಹೆಸರಿಗೇ ಮೀಸಾ ಆದೇಶ ಮಾಡಿದರು. ಸುಮಾರು ಒಂದು ವರ್ಷ ಒಳಗಿದ್ದರು. ಷಾ ಆಯೋಗ ಈ ಪ್ರಕರಣವನ್ನ ಸಾಕ್ಷಿಗಳ ಸಮೇತ ವಿಚಾರಿಸಿದೆ.

ಇಲ್ಲಿ ಗಮನಿಸಬೇಕಾದ್ದು, ತಪ್ಪು ತಿದ್ದೋಕೆ ಯಾರಿಗೂ ಅವಸರವೇ ಇರಲಿಲ್ಲ. ಕಾರಣ ಬರೆಯಬೇಕು ಅಂತಿದ್ದರೆ "ತ್ರಿಪಾಠಿ ಹೀಗೆ ಭಾಷಣ ಮಾಡಿದ" ಅಂತ ಬರೆದು ಪುರ್ಕಾಯಸ್ಥರ ಕೈಗೆ ಕೊಡೋಕಾಗ್ತಿರಲಿಲ್ಲ. ಹೆಸರಿನ ಜಾಗ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಮೊದಲೇ ಟೈಪಾಗಿರೋ ಹಾಳೆಗೆ ಯಾವ ಹೆಸರಾದರೂ ಹೊಂದುತ್ತೆ.

ಕಡಲತಡಿ
ಹೊಸ್ತಿಲು ಅವರೇ, "ಎಲ್ಲಾ ಹಕ್ಕೂ ರದ್ದು" ಅನ್ನುವ ಮಾತು ಕಾನೂನಿನ ಪ್ರಕಾರವೂ ತಪ್ಪು ಮಾರಾಯ್ರೆ. ಸಂವಿಧಾನದ 358ನೇ ವಿಧಿ ಉಂಟು. ತುರ್ತು ಪರಿಸ್ಥಿತಿ ಘೋಷಣೆ ಆದ ಕೂಡಲೇ 19ನೇ ವಿಧಿ, ಅಂದರೆ ಮಾತು, ಸಭೆ, ಸಂಘ, ಓಡಾಟದ ಸ್ವಾತಂತ್ರ್ಯ, ತಾನಾಗಿಯೇ ಸರ್ಕಾರವನ್ನು ಕಟ್ಟಿಹಾಕುವುದು ಬಿಡುತ್ತಿತ್ತು. 359 ಬೇರೆ. ಅದಕ್ಕೆ ರಾಷ್ಟ್ರಪತಿಯ ಪ್ರತ್ಯೇಕ ಆದೇಶ ಬೇಕು. 1975 ಜೂನ್ 27ಕ್ಕೆ ಆ ಆದೇಶ ಬಂತು. 14, 21, 22ನೇ ವಿಧಿಗಳನ್ನು ಹಿಡಿದುಕೊಂಡು ಕೋರ್ಟಿಗೆ ಹೋಗುವ ಹಾಗಿಲ್ಲ ಅಂತ. ಹಕ್ಕು ಪುಸ್ತಕದಲ್ಲಿ ಹಾಗೇ ಉಂಟು, ಕೋರ್ಟಿನ ಬಾಗಿಲು ಮಾತ್ರ ಮುಚ್ಚಿದ್ದು. ಈ ವ್ಯತ್ಯಾಸ ಸಣ್ಣದಲ್ಲ. ಆಮೇಲೆ ಹೈಕೋರ್ಟುಗಳು ಇದೇ ಸಂದಿಯಲ್ಲಿ ಕಾಲಿಟ್ಟದ್ದು.

ಹೊಸ್ತಿಲು_76
ಬಹಳ ಉಪಯೋಗ ಆಯ್ತು. ಪತ್ರಿಕೆ ಕಡೆ ಗೊತ್ತಿರೋರು ಯಾರಾದ್ರೂ?

ಅಚ್ಚುಮೊಳೆ
ಹೇಳ್ತೀನಿ. ಜೂನ್ 25ರ ರಾತ್ರಿ ಕಾನೂನು ಗೀನೂನು ಏನಿಲ್ಲ, ದೆಹಲಿಯ ಬಹದ್ದೂರ್ ಷಾ ಜಾಫರ್ ಮಾರ್ಗದ ಪ್ರೆಸ್ಸುಗಳಿಗೆ ಕರೆಂಟೇ ತೆಗೆದರು. ಆ ಸಾಲಿನಲ್ಲಿಲ್ಲದ, ಬೇರೆ ಕಡೆಯಿಂದ ವಿದ್ಯುತ್ ಪಡೀತಿದ್ದ ಸ್ಟೇಟ್ಸ್‌ಮನ್, ಹಿಂದೂಸ್ತಾನ್ ಟೈಮ್ಸ್ ಬೆಳಗ್ಗೆ ಹೊರಬಂದವು. 26ನೇ ತಾರೀಖು ಡಿಐಆರ್‌ನ 48ನೇ ನಿಯಮದ ಕೆಳಗೆ ಸೆನ್ಸಾರ್ ಆದೇಶ ಬಂತು. ಅಲ್ಲಿಂದ ಪೂರ್ವ ಪರಿಶೀಲನೆ ಶುರು. ಅಚ್ಚಾಗೋ ಮೊದಲು ತೋರಿಸಿ ಮುದ್ರೆ ಹಾಕಿಸಿಕೊಳ್ಳಬೇಕು.

ಇದು ಪ್ರೆಸ್ಸಿನ ಒಳಗೆ ಏನು ಮಾಡುತ್ತೆ ಅಂತ ಮೊಳೆ ಜೋಡಿಸಿದವರಿಗೆ ಗೊತ್ತಿರುತ್ತೆ. ಆಗ ಕನ್ನಡದ ಸಣ್ಣ ಪತ್ರಿಕೆಗಳೆಲ್ಲ ಕೈಮೊಳೆಯಲ್ಲೇ. ಒಂದೊಂದೇ ಅಕ್ಷರ ಆರಿಸಿ ಕಡ್ಡಿಗೆ ಜೋಡಿಸಿ, ಕಡ್ಡಿಯಿಂದ ಗ್ಯಾಲಿ ಅನ್ನೋ ಉದ್ದನೆ ತಟ್ಟೆಗೆ ಇಳಿಸಿ, ಮಸಿ ಸವರಿ ಕರಡು ಪ್ರತಿ ತೆಗೀಬೇಕು. ಆ ಕರಡು ಹಿಡ್ಕೊಂಡು ಆಳು ಸೆನ್ಸಾರ್ ಅಧಿಕಾರಿ ಹತ್ತಿರ ಹೋಗಬೇಕು. ಅವರು ಮಧ್ಯದ ಎಂಟು ಸಾಲಿಗೆ ಗೀಟು ಹಾಕಿ ಕಳಿಸಿದರು ಅಂದ್ಕೊಳ್ಳಿ. ಅಷ್ಟೊತ್ತಿಗೆ ಪುಟ ಕಟ್ಟಿ ಚೌಕಟ್ಟಿನಲ್ಲಿ ಬಿಗಿದಾಗಿದ್ದರೆ ಅದನ್ನ ಸಡಿಲಿಸಿ, ಸಾಲು ಕಿತ್ತು, ಕೆಳಗಿನದ್ದನ್ನ ಮೇಲಕ್ಕೆ ಸರಿಸಬೇಕು. ಸಾಲಿನ ನಡುವೆ ಸೀಸದ ಪಟ್ಟಿ ಸೇರಿಸಿ ಉದ್ದ ಸರಿಮಾಡಬೇಕು. ಸರಿಸುವಾಗ ಕೈ ಜಾರಿದರೆ ಮೊಳೆ ಎಲ್ಲಾ ಚೆಲ್ಲಿ ಇಡೀ ಗ್ಯಾಲಿ ಮತ್ತೆ ಜೋಡಿಸೋದೇ. ಖಾಲಿ ಬಿಡೋಣ ಅಂದರೆ ಅದಕ್ಕೂ ತಡೆ. ಮೊದಲ ದಿನಗಳಲ್ಲಿ ಕೆಲವು ಪತ್ರಿಕೆಗಳು ಸಂಪಾದಕೀಯದ ಜಾಗ ಬಿಳಿ ಬಿಟ್ಟಿದ್ದವಲ್ಲ, ಓದುಗರಿಗೆ ಅರ್ಥವಾಯ್ತು ಅಂತ ಸರ್ಕಾರಕ್ಕೂ ಅರ್ಥವಾಯ್ತು. ಬಿಳಿ ಜಾಗವೂ ಆಕ್ಷೇಪಾರ್ಹ ಅಂತ ಸೂಚನೆ ಹೊರಟಿತು. ಹಾಗಾಗಿ ಏನಾದರೂ ತುಂಬಲೇಬೇಕು. ಅಷ್ಟರಲ್ಲಿ ಊರಿಗೆ ಪತ್ರಿಕೆ ಒಯ್ಯೋ ಬಸ್ಸು ಹೊರಟುಹೋಗಿರುತ್ತೆ. ಮಾರನೇ ದಿನದ ಪತ್ರಿಕೆ ಮಾರಾಟಕ್ಕೆ ಬಾರದ ಕಾಗದ.

ಹೀಗಾಗಿ ಮೂರನೇ ವಾರಕ್ಕೆ ಸೆನ್ಸಾರ್ ಅಧಿಕಾರಿ ಏನನ್ನೂ ಹೊಡೆದುಹಾಕಬೇಕಾಗಿರೋದಿಲ್ಲ. ಜೋಡಿಸೋ ಮೊದಲೇ ಸಂಪಾದಕ ತಾನೇ ಹೊಡೆದುಹಾಕಿರ್ತಾನೆ. ಹೆದರಿಕೆ ಅಷ್ಟೇ ಅಲ್ಲ, ಬಸ್ಸಿನ ಹೊತ್ತೂ ಅದಕ್ಕೆ ಕಾರಣ.

ಕಡತಪ್ರಿಯ
ಇದಕ್ಕೆ ಸೇರಿಸಬೇಕಾದ್ದು: ಫೋನ್ ಸೂಚನೆ. "ಈ ಸುದ್ದಿ ಬೇಡ", "ಆ ತೀರ್ಪು ಒಳಪುಟಕ್ಕೆ" ಅಂತ ಬಾಯಿಮಾತಲ್ಲೇ ಹೇಳೋದು. ಬರಹದಲ್ಲಿ ಕೇಳಿದರೆ ಸಿಗೋದಿಲ್ಲ. ಬರಹದಲ್ಲಿ ಇಲ್ಲದ ಆದೇಶವನ್ನ ಕೋರ್ಟಿನಲ್ಲಿ ಪ್ರಶ್ನಿಸೋದು ಹೇಗೆ? ವಕೀಲರು ಹೇಳಿದ 16ಎ ಬಗೆಯೇ ಇಲ್ಲೂ, ಕಾರಣ ಯಾವ ಕಡತದಲ್ಲೂ ಉಳಿಯಬಾರದು ಅಷ್ಟೇ.

1975 ಡಿಸೆಂಬರ್‌ನಲ್ಲಿ ಮೂರು ಏಟು ಒಟ್ಟಿಗೆ ಬಿತ್ತು. ಆಕ್ಷೇಪಾರ್ಹ ವಿಷಯ ಪ್ರಕಟಣೆ ತಡೆ ಸುಗ್ರೀವಾಜ್ಞೆ, ಪತ್ರಿಕಾ ಮಂಡಳಿ ರದ್ದು, ಸಂಸತ್ತಿನ ಕಲಾಪ ವರದಿ ಮಾಡೋಕೆ ರಕ್ಷಣೆ ಕೊಡ್ತಿದ್ದ 1956ರ ಕಾಯ್ದೆ ರದ್ದು. ಆ 1956ರ ಕಾಯ್ದೆ ತಂದವರು ಫಿರೋಜ್ ಗಾಂಧಿ, ಪ್ರಧಾನಿಯ ಪತಿ. 1976ರ ಫೆಬ್ರವರಿಗೆ ನಾಲ್ಕು ಸುದ್ದಿ ಸಂಸ್ಥೆಗಳನ್ನ ಸೇರಿಸಿ "ಸಮಾಚಾರ್" ಅಂತ ಒಂದೇ ಮಾಡಿದರು. ಸುದ್ದಿ ಬರೋ ನಲ್ಲಿ ಒಂದೇ ಆದಮೇಲೆ ತಿರುಗಿಸೋಕೆ ಒಂದು ಕೈ ಸಾಕು.

ಮಲ್ಲಿಗೆ_ಮೊಗ್ಗು
ರೇಡಿಯೋದಲ್ಲಿ ಕಿಶೋರ್ ಕುಮಾರ್ ಹಾಡು ನಿಲ್ಲಿಸಿದ್ದೂ ಆಗಲೇ ತಾನೇ?

ಕಡತಪ್ರಿಯ
ಹೌದು, 1976ರ ಮೇ ತಿಂಗಳಿಂದ. ಸರ್ಕಾರದ ಪ್ರಚಾರಕ್ಕೆ ಸಹಕರಿಸಲಿಲ್ಲ ಅಂತ. ಆಕಾಶವಾಣಿ ಸರ್ಕಾರದ ಇಲಾಖೆ, ಹಾಗಾಗಿ ಇದಕ್ಕೆ ಸೆನ್ಸಾರ್ ಆದೇಶವೂ ಬೇಕಾಗಿರಲಿಲ್ಲ.

ಶಾಸನಓದು
ಪತ್ರಿಕೆಯವರೆಲ್ಲ ಸುಮ್ಮನಿದ್ದರು ಅನ್ನೋ ಚಿತ್ರ ಬರ್ತಿದೆ, ಅದು ಅನ್ಯಾಯ. ಮುಂಬೈಯಲ್ಲಿ "ಫ್ರೀಡಂ ಫಸ್ಟ್" ಮಾಸಿಕದ ಮಿನೂ ಮಸಾನಿ ಕೊಟ್ಟ 11 ಬರಹಗಳನ್ನ ಸೆನ್ಸಾರ್ ತಡೆಯಿತು. ಅವರು ಹೈಕೋರ್ಟಿಗೆ ಹೋದರು. ಅವರ ವಾದದ ಜಾಣತನ ನೋಡಿ. "ನನ್ನ ವಾಕ್ ಸ್ವಾತಂತ್ರ್ಯ ಹೋಯ್ತು" ಅಂತ ಕೇಳಲಿಲ್ಲ, ಕೇಳಿದ್ದರೆ 19ನೇ ವಿಧಿಯ ಬಾಗಿಲಲ್ಲೇ ಅರ್ಜಿ ಬಿದ್ದುಹೋಗ್ತಿತ್ತು. "48ನೇ ನಿಯಮ ಸಾರ್ವಜನಿಕ ಸುರಕ್ಷತೆ, ಸುವ್ಯವಸ್ಥೆ ಮುಂತಾದ ಉದ್ದೇಶಗಳಿಗೆ ಮಾತ್ರ ಅಧಿಕಾರ ಕೊಡುತ್ತೆ. ಈ ಬರಹ ಅದರಲ್ಲಿ ಯಾವುದನ್ನ ಕೆಡಿಸುತ್ತೆ ತೋರಿಸಿ" ಅಂತ ಕೇಳಿದರು. 1976ರ ಫೆಬ್ರವರಿಯಲ್ಲಿ ವಿಭಾಗೀಯ ಪೀಠ ಅವರ ಪರ ತೀರ್ಪು ಕೊಟ್ಟಿತು. ಸೆನ್ಸಾರ್ ಪ್ರಜಾಪ್ರಭುತ್ವವನ್ನ ಸಾಕೋ ದಾದಿಯಾಗಬೇಕು, ಹೂಳೋನಾಗಬಾರದು ಅನ್ನೋ ಅರ್ಥದ ಮಾತು ಅದರಲ್ಲಿದೆ. ಗುಜರಾತ್ ಹೈಕೋರ್ಟ್ "ಭೂಮಿಪುತ್ರ" ಪತ್ರಿಕೆ ಪ್ರಕರಣದಲ್ಲಿ ಇದೇ ದಾರಿ ಹಿಡಿಯಿತು.

ಸಭೆಗೂ ಹಾಗೇ. ಮುಂಬೈ ವಕೀಲರು ಒಂದು ಸಭಾಂಗಣದ ಒಳಗೆ, ಆಹ್ವಾನ ಇದ್ದವರಿಗೆ ಮಾತ್ರ ಅಂತ ಕಾನೂನಿನ ಆಳ್ವಿಕೆ ಬಗ್ಗೆ ಸಭೆ ಇಟ್ಟುಕೊಂಡರು. ಪೊಲೀಸ್ ಕಮಿಷನರ್ ಅನುಮತಿ ಕೊಡಲಿಲ್ಲ. ಹೈಕೋರ್ಟ್ ಆ ತಡೆಯನ್ನ ತೆಗೆದುಹಾಕಿತು. ಅಂದರೆ ಕಾಗದ ಇದ್ದ ಕಡೆ ಹೋರಾಡೋಕಾಗ್ತಿತ್ತು.

ಸುಬ್ಬಿ_ಮೈಸೂರು
ಗೆದ್ದದ್ದು ಇಂಗ್ಲಿಷ್ ಮಾಸಿಕ, ಮುಂಬೈ ವಕೀಲರು. ಹಾಸನದ ಒಂದು ವಾರಪತ್ರಿಕೆ ಬೆಂಗಳೂರಿಗೆ ಬಂದು ರಿಟ್ ಹಾಕೋಕೆ ಆಗ್ತಿತ್ತಾ? ಅದನ್ನೂ ಬರೀರಿ.

ಶಾಸನಓದು
ಸರಿಯಾದ ಮಾತು. ಆಗ್ತಿರಲಿಲ್ಲ.

ತೆಂಗಿನತೋಟ
ಅಚ್ಚುಮೊಳೆ ಅವರೇ, ಗುಪ್ತವಾಗಿ ಹೊರಬರ್ತಿದ್ದ "ಕಹಳೆ" ಥರದ ಪತ್ರಿಕೆಗಳು ಹೇಗೆ ತಯಾರಾಗ್ತಿದ್ದವು? ಸೈಕ್ಲೋಸ್ಟೈಲ್ ಅಂತಾರೆ, ಈಗಿನ ಹುಡುಗರಿಗೆ ಆ ಯಂತ್ರವೇ ಗೊತ್ತಿಲ್ಲ.

ಅಚ್ಚುಮೊಳೆ
ಸ್ಟೆನ್ಸಿಲ್ ಅಂದರೆ ಮೇಣ ಸವರಿದ ತೆಳು ಕಾಗದ. ಟೈಪ್‌ರೈಟರಿನ ರಿಬ್ಬನ್ ಮೇಲೇಳದ ಹಾಗೆ ಗುಂಡಿ ತಿರುಗಿಸಿ ಬರಿ ಮೊಳೆಯಿಂದ ಕುಟ್ಟಿದರೆ ಅಕ್ಷರದ ಆಕಾರಕ್ಕೆ ಮೇಣ ಸರಿದು ಹೋಗುತ್ತೆ. ಅದನ್ನ ಯಂತ್ರದ ಉರುಳೆಗೆ ಸುತ್ತಿ ಹಿಡಿ ತಿರುಗಿಸಿದರೆ ಒಳಗಿನ ಎಣ್ಣೆಮಸಿ ಆ ಸಂದಿಯಿಂದ ಕಾಗದಕ್ಕೆ ಇಳಿಯುತ್ತೆ. ಕನ್ನಡದ ತೊಂದರೆ ಏನಂದ್ರೆ ನಮ್ಮ ಅಕ್ಷರವೆಲ್ಲ ದುಂಡಗೆ. ಸೊನ್ನೆ, "ಠ" ಇವನ್ನ ಜೋರಾಗಿ ಕುಟ್ಟಿದರೆ ಒಳಗಿನ ಬಿಲ್ಲೆಯೇ ಕತ್ತರಿಸಿ ಬಿದ್ದುಹೋಗುತ್ತೆ, ಅಚ್ಚಲ್ಲಿ ಬರೀ ಕಪ್ಪು ಚುಕ್ಕೆ ಬರುತ್ತೆ. ಮೆಲ್ಲಗೆ ಕುಟ್ಟಿದರೆ ಒತ್ತಕ್ಷರ ಮೂಡೋದೇ ಇಲ್ಲ. ಕನ್ನಡ ಟೈಪ್‌ರೈಟರ್ ಆಗ ಹೆಚ್ಚಾಗಿ ಸರ್ಕಾರಿ ಕಚೇರಿಯಲ್ಲಿ, ಟೈಪಿಂಗ್ ಶಾಲೆಯಲ್ಲಿ. ಮನೆಯಲ್ಲಿಟ್ಟುಕೊಂಡವರು ಕಮ್ಮಿ. ಹಾಗಾಗಿ ಉಕ್ಕಿನ ಕಡ್ಡಿಯಿಂದ ಕೈಯಲ್ಲೇ ಬರೆಯೋದು ಸುಲಭದ ದಾರಿ. ತಪ್ಪಾದರೆ ಆ ಜಾಗಕ್ಕೆ ತಿದ್ದುವ ದ್ರಾವಣ ಸವರಿ, ಒಣಗಿದ ಮೇಲೆ ಮತ್ತೆ ಬರೆಯೋದು.

ಕಾಗದ ಒರಟಾಗಿರಬೇಕು, ಮಸಿ ಹೀರಬೇಕು. ನುಣ್ಣನೆ ಕಾಗದ ಹಾಕಿದರೆ ಒಂದರ ಮಸಿ ಇನ್ನೊಂದರ ಬೆನ್ನಿಗೆ ಮೆತ್ತಿಕೊಳ್ಳುತ್ತೆ. ಒರಟು ಕಾಗದ ಬೇರೆ ಕೆಲಸಕ್ಕೆ ಯಾರೂ ಕೊಳ್ಳಲ್ಲ, ರೀಮುಗಟ್ಟಲೆ ಒಂದೇ ಅಂಗಡಿಯಲ್ಲಿ ಕೇಳಿದರೆ ಅಂಗಡಿಯವನಿಗೆ ಗೊತ್ತಾಗುತ್ತೆ. ಉರುಳೆಯ ಸದ್ದು ಗೋಡೆಯಾಚೆ ಕೇಳುತ್ತೆ. ಮುಗಿದ ಮೇಲೆ ಉಳಿಯೋ ಸ್ಟೆನ್ಸಿಲ್ಲೇ ದೊಡ್ಡ ಸಾಕ್ಷಿ, ಬೆಳಕಿಗೆ ಹಿಡಿದರೆ ಪೂರ್ತಿ ಓದಬಹುದು. ಸುಟ್ಟರೆ ಮೇಣದ ಹೊಗೆ, ವಾಸನೆ. ಬೆರಳಿನ ಎಣ್ಣೆಮಸಿ ಸೋಪಿಗೂ ಬೇಗ ಹೋಗಲ್ಲ, ಸೀಮೆಎಣ್ಣೆ ಬೇಕು. ಎರಡು ಪುಟದ ಸುದ್ದಿಗೆ ಇಷ್ಟು ಪಾಡು. ಹಂಚುವಾಗ ಸಿಕ್ಕಿಬಿದ್ದರೆ ಡಿಐಆರ್.

ಕಡಲತಡಿ
ಟಪಾಲಿನಲ್ಲಿ ಕಳಿಸಿದರೆ? 1898ರ ಅಂಚೆ ಕಾಯ್ದೆಯ 26ನೇ ಕಲಮು, 1885ರ ಟೆಲಿಗ್ರಾಫ್ ಕಾಯ್ದೆಯ 5(2), ಎರಡೂ ಬ್ರಿಟಿಷರ ಕಾಲದವು. ಸಾರ್ವಜನಿಕ ತುರ್ತು ಅಂತ ಹೇಳಿ ಪತ್ರ ತಡೆಯಬಹುದಿತ್ತು, ತಂತಿ, ಫೋನು ಕದ್ದು ಕೇಳಬಹುದಿತ್ತು. 1975ರಲ್ಲಿ ಹೊಸ ಕಾನೂನು ಮಾಡುವ ಅಗತ್ಯವೇ ಬರಲಿಲ್ಲ.

ರೈಲುಹುಚ್ಚ
ಎಲ್ಲಾ ಸರಿ. ಆದರೆ ಆಗ ರೈಲು ಹೊತ್ತಿಗೆ ಸರಿಯಾಗಿ ಬರ್ತಿತ್ತು, ಕಚೇರಿಯಲ್ಲಿ ಹತ್ತು ಗಂಟೆಗೆ ಜನ ಇರ್ತಿದ್ರು, ಮುಷ್ಕರ ಇರಲಿಲ್ಲ. ಅದನ್ನೂ ಹೇಳಬೇಕಲ್ವಾ? ನಮ್ಮಲ್ಲಿ ಮುಖ್ಯಮಂತ್ರಿ ದೇವರಾಜ ಅರಸು ಕಾಲದ ಭೂಸುಧಾರಣೆ ನಡೆದದ್ದೂ ಆ ದಿನಗಳಲ್ಲೇ.

ಮಲ್ಲಿಗೆ_ಮೊಗ್ಗು
ಮುಷ್ಕರ ಇರಲಿಲ್ಲ, ಯಾಕಂದ್ರೆ ಮಾಡಿದರೆ ಒಳಗೆ ಹಾಕ್ತಿದ್ರು. ಅದೇ 1975ರ ಸೆಪ್ಟೆಂಬರ್‌ನಲ್ಲಿ ಕನಿಷ್ಠ ಬೋನಸ್ಸನ್ನ 8.33ರಿಂದ ಶೇಕಡಾ 4ಕ್ಕೆ ಇಳಿಸಿದರು. ಬೆಂಗಳೂರಿನಂಥ ಕಾರ್ಖಾನೆ ಊರಲ್ಲಿ ದಸರಾ, ದೀಪಾವಳಿಗೆ ಬರೋ ದುಡ್ಡು ಅರ್ಧಕ್ಕಿಂತ ಕಮ್ಮಿ. ಗೇಟಿನ ಮುಂದೆ ನಿಂತು "ಯಾಕೆ" ಅಂತ ಕೇಳೋ ಹಾಗಿರಲಿಲ್ಲ. ರೈಲು ಹತ್ತು ನಿಮಿಷ ಮುಂಚೆ ಬಂದದ್ದಕ್ಕೆ ಅಷ್ಟು ಬೆಲೆ ಕೊಡಬೇಕಾ?

ಕಡತಪ್ರಿಯ
ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974 ಮಾರ್ಚ್ 1ಕ್ಕೆ. ತುರ್ತು ಪರಿಸ್ಥಿತಿಗೆ ಹದಿನೈದು ತಿಂಗಳು ಮುಂಚೆ. ಅದಕ್ಕೆ ಬೇಕಿದ್ದದ್ದು ವಿಧಾನಸಭೆ, ಮೀಸಾ ಅಲ್ಲ. ಅರಸು ಮಾಡಿದ ಒಳ್ಳೇ ಕೆಲಸವನ್ನ ತುರ್ತು ಪರಿಸ್ಥಿತಿಯ ಖಾತೆಗೆ ಬರೆಯಬೇಡಿ.

ರೈಲುಹುಚ್ಚ
ತಾರೀಖಿನ ವಿಷಯ ಒಪ್ಪಿಕೊಂಡೆ. ಆದರೂ 1977ರಲ್ಲಿ ಕರ್ನಾಟಕ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟಿತು. ಜನಕ್ಕೆ ಅಷ್ಟು ಕಷ್ಟ ಆಗಿದ್ದರೆ ಕೊಡ್ತಿದ್ರಾ?

ತೆಂಗಿನತೋಟ
ಒಳ್ಳೇ ಪ್ರಶ್ನೆ, ತಳ್ಳಿಹಾಕೋ ಹಾಗಿಲ್ಲ. ನನಗೆ ಕಾಣೋ ಉತ್ತರ ಎರಡು. ಉತ್ತರದಲ್ಲಿ ಬಡವರ ಮೈಮೇಲೆ ಬಂದದ್ದು ಸಂತಾನಹರಣ ಚಿಕಿತ್ಸೆಯ ಒತ್ತಾಯ. ದೇಶದಲ್ಲಿ 1975-76ರಲ್ಲಿ ಸುಮಾರು 26 ಲಕ್ಷ, 1976-77ರಲ್ಲಿ 81 ಲಕ್ಷ. ಆ ವರ್ಷದ ಗುರಿ 42 ಲಕ್ಷ ಚಿಲ್ಲರೆ ಇತ್ತು, ಅದರ ಹತ್ತಿರ ಹತ್ತಿರ ಎರಡರಷ್ಟು ಆಯ್ತು. ಮೇಷ್ಟ್ರಿಗೆ ಇಷ್ಟು ಜನರನ್ನ ಕರ್ಕೊಂಡು ಬಾ ಅಂತ ಲೆಕ್ಕ, ತರದಿದ್ದರೆ ಸಂಬಳ ತಡೆ. ದಕ್ಷಿಣದಲ್ಲಿ ಇದರ ಬಿರುಸು ಆ ಮಟ್ಟಕ್ಕೆ ಹೋಗಲಿಲ್ಲ. ಎರಡನೇದು, ದೆಹಲಿಯ ತುರ್ಕಮಾನ್ ಗೇಟಲ್ಲಿ ಮನೆ ಕೆಡವಿ ಗುಂಡು ಹಾರಿಸಿದ್ದು ಬಿಜಾಪುರದ ಓದುಗನಿಗೆ ಗೊತ್ತಾಗೋಕೆ ಯಾವ ಪತ್ರಿಕೆ ಇತ್ತು? ಮೇಲೆ ಅಚ್ಚುಮೊಳೆ ಬರೆದದ್ದನ್ನ ಮತ್ತೆ ಓದಿ.

ಮತ ಕೊಟ್ಟರು ಅಂದಮಾತ್ರಕ್ಕೆ ಇಲ್ಲಿ ಏನೂ ಆಗಲಿಲ್ಲ ಅಂತಲ್ಲ. ತಲೆಮರೆಸಿಕೊಂಡಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್‌ರ ತಮ್ಮ ಅಂತ ಲಾರೆನ್ಸ್‌ರನ್ನ ಹಿಡಿದು, ಅಣ್ಣ ಜಾರ್ಜ್ ಎಲ್ಲಿದ್ದಾನೆ ಹೇಳು ಅಂತ ಚಿತ್ರಹಿಂಸೆ ಕೊಟ್ಟದ್ದು ಬೆಂಗಳೂರಲ್ಲೇ.

ಮಲ್ಲಿಗೆ_ಮೊಗ್ಗು
ಸ್ನೇಹಲತಾ ರೆಡ್ಡಿ ಅವರನ್ನ ಮರೀಬೇಡಿ. "ಸಂಸ್ಕಾರ" ಚಿತ್ರದ ಚಂದ್ರಿ. 1976 ಮೇ 2ಕ್ಕೆ ಬಂಧನ, ಬೆಂಗಳೂರು ಸೆಂಟ್ರಲ್ ಜೈಲು, ಮೀಸಾ. ಉಬ್ಬಸದ ಕಾಯಿಲೆ. 1977 ಜನವರಿ 15ಕ್ಕೆ ಪೆರೋಲ್, 20ಕ್ಕೆ ಸಾವು. ಸ್ಫೋಟಕ ಇಟ್ಟು ಸರ್ಕಾರ ಉರುಳಿಸೋ ಸಂಚು ಅಂತ ಜಾರ್ಜ್ ಮತ್ತಿತರರ ಮೇಲೆ ಹೂಡಿದ ಬರೋಡಾ ಡೈನಮೈಟ್ ಪ್ರಕರಣಕ್ಕೆ ಅಂತ ಹಿಡಿದರು, ಕೊನೆಗೆ ಆ ಪ್ರಕರಣದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ.

ಹೊಸ್ತಿಲು_76
ಪೆರೋಲ್ ಯಾಕೆ? ಅನಾರೋಗ್ಯ ಅಂತ ಜಾಮೀನು ಕೇಳೋಕಾಗ್ತಿರಲಿಲ್ವಾ?

ಧಾರವಾಡ_ವಕೀಲ
ಜಾಮೀನು ಆರೋಪಿಗೆ. ಮೀಸಾ ಬಂದಿ ಆರೋಪಿನ ಅಲ್ಲ, ಅದಕ್ಕ ಜಾಮೀನು ಕೇಳಾಕ ಜಾಗಾನ ಇಲ್ಲ. 15ನೇ ಕಲಮಿನ ಕೆಳಗ ಸರ್ಕಾರ ತಾನ ಮನಸ್ಸು ಮಾಡಿ ಕೆಲವು ದಿನ ಬಿಡಬಹುದಿತ್ತು, ಷರತ್ತು ಹಾಕಿ. ಜೈಲಿನ ಡಾಕ್ಟರು ಬರದ ಚೀಟಿ ಸೂಪರಿಂಟೆಂಡೆಂಟರಿಗೆ, ಅಲ್ಲಿಂದ ಗೃಹ ಇಲಾಖೆಗೆ, ಅಲ್ಲಿ ಕಡತ ಎಷ್ಟು ದಿನ ಕೂರತದ ಅಷ್ಟು ದಿನ ಉಬ್ಬಸದ ರೋಗಿ ಒಳಗ. ಕೊಲೆ ಆರೋಪಿಗಾದ್ರೂ ಅರ್ಜಿ ಹಾಕಾಕ ಒಬ್ಬ ನ್ಯಾಯಾಧೀಶ ಇರ್ತಾನ.

ಸುಬ್ಬಿ_ಮೈಸೂರು
ಸುಪ್ರೀಂ ಕೋರ್ಟೇ ಮೀಸಾ ಸರಿ ಅಂತ ಎತ್ತಿಹಿಡಿದ ಮೇಲೆ ಇನ್ನೇನು.

ಕಡಲತಡಿ
ಅಲ್ಲ ಅಕ್ಕಾ, ಎಲ್ಲರೂ ಹಾಗೇ ಹೇಳುದು. 1976 ಏಪ್ರಿಲ್ 28ರ ಜಬಲ್ಪುರ ಪ್ರಕರಣದ ತೀರ್ಪು ಮೀಸಾ ಒಳ್ಳೆಯದು ಅಂತ ಹೇಳಿದ್ದಲ್ಲ. ಬಂಧನ ತಪ್ಪು ಅಂತ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಲಿಕ್ಕೇ ಯಾರಿಗೂ ಅಧಿಕಾರ ಇಲ್ಲ ಅಂತ ಹೇಳಿದ್ದು. ಅದು ಇನ್ನೂ ಕೆಟ್ಟದ್ದು.

ಅದಕ್ಕೆ ಮೊದಲು ಒಂಬತ್ತು ಹೈಕೋರ್ಟುಗಳು ಬೇರೆ ಹೇಳಿದ್ದವು. ಸಂವಿಧಾನದ 21ನೇ ವಿಧಿ ಬದಿಗಿರಲಿ, ಮೀಸಾ ಕಾಯ್ದೆಯನ್ನಾದರೂ ಸರಿಯಾಗಿ ಪಾಲಿಸಿದ್ದೀರಾ? ಸಹಿ ಹಾಕಿದವನಿಗೆ ಅಧಿಕಾರ ಇತ್ತಾ? ಆದೇಶದಲ್ಲಿರುವ ಮನುಷ್ಯ ಇವನೇನಾ? ದುರುದ್ದೇಶ ಉಂಟಾ? ಇಷ್ಟನ್ನು ನೋಡುವ ಅಧಿಕಾರ ನಮಗುಂಟು ಅಂತ. ಆ ಒಂಬತ್ತರಲ್ಲಿ ನಮ್ಮ ಹೈಕೋರ್ಟೂ ಒಂದು. ಸಂಸದೀಯ ಸಮಿತಿಯ ಸಭೆಗೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರಾ ಇವರನ್ನು ಜೂನ್ 26ಕ್ಕೆ ಇಲ್ಲಿಯೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದ್ದರಲ್ಲ, ಅವರ ಅರ್ಜಿ. ಆ ಜೈಲೇ ಈಗಿನ ಫ್ರೀಡಂ ಪಾರ್ಕ್. ಅರ್ಜಿ ನಡೆಯಬಹುದು ಅಂತ ಹೇಳಿದ ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದಸ್ವಾಮಿ ಗುವಾಹಟಿಗೆ ವರ್ಗ. ಆ ವರ್ಷ ದೇಶದಲ್ಲಿ 16 ಹೈಕೋರ್ಟ್ ನ್ಯಾಯಮೂರ್ತಿಗಳ ವರ್ಗಾವಣೆ ಆಯ್ತು. ಅವರಿಗೂ ಕಾರಣ ಹೇಳಲಿಲ್ಲ ನೋಡಿ.

ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನೀರೇನ್ ಡೇ ಅವರನ್ನು ಕೇಳಿದರು: ಒಬ್ಬ ಪೊಲೀಸ್ ಅಧಿಕಾರಿ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೂ ಪರಿಹಾರ ಇಲ್ಲವಾ? ತುರ್ತು ಪರಿಸ್ಥಿತಿ ಇರುವಷ್ಟು ಕಾಲ ಇಲ್ಲ ಅಂತ ಉತ್ತರ. ಐವರಲ್ಲಿ ನಾಲ್ವರು ಆ ವಾದ ಒಪ್ಪಿದರು. ಖನ್ನಾ ಒಬ್ಬರೇ ಒಪ್ಪಲಿಲ್ಲ. 1977 ಜನವರಿಯಲ್ಲಿ ಅವರಿಗೆ ಬರಬೇಕಿದ್ದ ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರ ಕಿರಿಯರಾದ ಎಂ.ಎಚ್. ಬೇಗ್ ಅವರಿಗೆ ಹೋಯ್ತು. ಖನ್ನಾ ರಾಜೀನಾಮೆ ಕೊಟ್ಟರು.

ಶಾಸನಓದು
ಆ ತೀರ್ಪು ಅಧಿಕೃತವಾಗಿ ಬಿದ್ದದ್ದು 2017 ಆಗಸ್ಟ್ 24ಕ್ಕೆ, ಖಾಸಗಿತನದ ತೀರ್ಪಿನಲ್ಲಿ. ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 1976ರ ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡ್ ಅವರ ತೀರ್ಪನ್ನ ತಪ್ಪು ಅಂತ ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್.

ಹೊಸ್ತಿಲು_76
ಕೊನೇ ಪ್ರಶ್ನೆ. 1977 ಜನವರಿಯಲ್ಲಿ ಎತ್ತಿದರು ಅಂತ ಕೆಲವು ಕಡೆ, ಮಾರ್ಚ್ ಅಂತ ಕೆಲವು ಕಡೆ. ಯಾವುದು? ಮತ್ತೆ ಅದೇ ಕಾಗದಗಳಿಂದ ಈಗ ಅದೇ ಕೆಲಸ ಮಾಡೋಕಾಗುತ್ತಾ?

ಕಡತಪ್ರಿಯ
ಜನವರಿ 18 ಚುನಾವಣೆ ಘೋಷಣೆ. ತುರ್ತು ಪರಿಸ್ಥಿತಿ ತೆಗೆದದ್ದು ಮಾರ್ಚ್ 21, ಸೋತ ಮೇಲೆ. 1971ರ ಹಳೇದು ಅದಾದ ವಾರದೊಳಗೆ ಹೋಯ್ತು.

ಶಾಸನಓದು
ಎರಡನೇ ಪ್ರಶ್ನೆಗೆ: ಅದೇ ರೀತಿ ಆಗಲ್ಲ. 1978ರ 44ನೇ ತಿದ್ದುಪಡಿ ಹಲವು ಬೀಗ ಹಾಕಿದೆ. "ಆಂತರಿಕ ಗಲಭೆ" ತೆಗೆದು "ಸಶಸ್ತ್ರ ಬಂಡಾಯ" ಅಂತ ಮಾಡಿದರು. 1975ರಲ್ಲಿ ರಾಷ್ಟ್ರಪತಿ ರಾತ್ರಿ ಸಹಿ ಹಾಕಿದ್ದು ಸಂಪುಟಕ್ಕೆ ಬೆಳಗ್ಗೆ ಗೊತ್ತಾಯ್ತಲ್ಲ, ಈಗ ಸಂಪುಟದ ತೀರ್ಮಾನ ಲಿಖಿತವಾಗಿ ಹೋಗಬೇಕು. ಒಂದು ತಿಂಗಳೊಳಗೆ ಎರಡೂ ಸದನ ವಿಶೇಷ ಬಹುಮತದಿಂದ ಒಪ್ಪಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಬೇಕು. 19ನೇ ವಿಧಿ ತಾನಾಗಿ ಬದಿಗೆ ಸರಿಯೋದು ಯುದ್ಧ ಅಥವಾ ಹೊರಗಿನ ಆಕ್ರಮಣಕ್ಕೆ ಮಾತ್ರ. 20, 21ನೇ ವಿಧಿಗಳಿಗೆ ಕೋರ್ಟಿನ ಬಾಗಿಲು ಮುಚ್ಚೋ ಹಾಗೇ ಇಲ್ಲ. ಮೀಸಾ ಕೂಡ ರದ್ದಾಯ್ತು.

ಧಾರವಾಡ_ವಕೀಲ
ಮೀಸಾ ಹೋತು, 1980ಕ್ಕ ರಾಷ್ಟ್ರೀಯ ಭದ್ರತಾ ಕಾಯ್ದೆ ಬಂತಲ್ರೀ. ಅದರಾಗೂ ಅಪರಾಧ ಬ್ಯಾಡ, ಜಿಲ್ಲಾ ಮ್ಯಾಜಿಸ್ಟ್ರೇಟರ ಸಹಿ ಸಾಕು, 12 ದಿನದೊಳಗ ರಾಜ್ಯದ ಒಪ್ಪಿಗೆ, ಹನ್ನೆರಡು ತಿಂಗಳತನಕ ಒಳಗ. ಫರಕು ಏನಂದ್ರ 16ಎ ಇಲ್ಲ. ಸಾಮಾನ್ಯವಾಗಿ 5 ದಿನದೊಳಗ ಕಾರಣ ಬರದು ಕೊಡಬೇಕು, ಮೂರು ವಾರದೊಳಗ ಮಂಡಳಿ ಮುಂದ ಇಡಬೇಕು. ಇವತ್ತು ಹೈಕೋರ್ಟಿನಾಗ ಬಂಧನದ ಆದೇಶ ಬೀಳೂದು ಬಹುತೇಕ ಇಲ್ಲೇ. ಕಾರಣ ಬಂದಿಗೆ ತಿಳಿಯೂ ಭಾಷಾದಾಗ ಇಲ್ಲ, ಆಧಾರ ಮಾಡಿದ ದಾಖಲೆಯ ಪ್ರತಿ ಕೊಟ್ಟಿಲ್ಲ, ಅವ ಬರದ ಮನವಿ ಮ್ಯಾಲೆ ಸರ್ಕಾರ ತಡಾ ಮಾಡೇದ. ಈ ಮೂರರಾಗ ಒಂದು ಸಿಕ್ಕರ ವಾದ ನಿಲ್ಲತದ. ಯಾರಿಗಾದ್ರೂ ಇಂಥ ಆದೇಶ ಬಂದ್ರ ಮೊದಲ ನೋಡಬೇಕಾದ್ದು ಆದೇಶ ಅಲ್ಲ, ಅದರ ಸಂಗಾಟ ಬಂದ ಕಾಗದದ ಕಟ್ಟು. ಪುಟಾ ಎಣಿಸ್ರಿ, ಕೈಗೆ ಬಂದ ತಾರೀಖು ಬರದಿಡ್ರಿ, ಮನವಿ ಕಳಿಸಿದ್ದಕ್ಕ ಸ್ವೀಕೃತಿ ಇಟ್ಕೋರಿ.

ಸುಬ್ಬಿ_ಮೈಸೂರು
ಆ ಮಂಡಳಿಯಲ್ಲಿ ಯಾರಿರ್ತಾರೆ? ಸರ್ಕಾರವೇ ನೇಮಿಸೋದಾದರೆ ಏನು ಪ್ರಯೋಜನ?

ಶಾಸನಓದು
ಇಲ್ಲೇ ಒಂದು ತುಂಡು ಉಳಿದುಹೋಗಿದೆ. 44ನೇ ತಿದ್ದುಪಡಿಯ 3ನೇ ಕಲಮು, ಮಂಡಳಿಯನ್ನ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನಂತೆ ರಚಿಸಬೇಕು, ಹಾಲಿ ಹೈಕೋರ್ಟ್ ನ್ಯಾಯಮೂರ್ತಿ ಅಧ್ಯಕ್ಷರಿರಬೇಕು, ಮಂಡಳಿಯ ಅಭಿಪ್ರಾಯ ಇಲ್ಲದೆ ಇಟ್ಟುಕೊಳ್ಳಬಹುದಾದ ಅವಧಿ ಮೂರು ತಿಂಗಳಿಂದ ಎರಡಕ್ಕೆ ಇಳಿಯಬೇಕು ಅನ್ನುತ್ತೆ. ಸಂಸತ್ತು ಪಾಸು ಮಾಡಿದೆ, ರಾಷ್ಟ್ರಪತಿ ಅಂಕಿತವೂ ಬಿದ್ದಿದೆ. ಆದರೆ ಆ ಕಲಮು ಜಾರಿಗೆ ಬರೋ ದಿನವನ್ನ ಸರ್ಕಾರ ಅಧಿಸೂಚನೆಯಲ್ಲಿ ಹೇಳಬೇಕಿತ್ತು. 1978ರಿಂದ ಇಲ್ಲೀತನಕ ಬಂದ ಯಾವ ಪಕ್ಷದ ಸರ್ಕಾರವೂ ಹೇಳಿಲ್ಲ. ಹಾಗಾಗಿ ಸಂವಿಧಾನದ 22(4) ತೆಗೆದು ನೋಡಿದರೆ ಇವತ್ತಿಗೂ ಮೂರು ತಿಂಗಳು ಅಂತಲೇ ಇರುತ್ತೆ, ಕೆಳಗೆ ಸಣ್ಣ ಅಕ್ಷರದ ಅಡಿಟಿಪ್ಪಣಿಯಲ್ಲಿ ಜಾರಿಯಾಗದ ಆ ಹೊಸ ಪಾಠ.